ನಿಷಾದದಲ್ಲಿ ನಿಲ್ಲಿಸಿ ಕಾದೆ

ಮೈಸೂರಿನ ನಮ್ಮ ಮನೆಯಲ್ಲಿ 20 ವರ್ಷ ಸಂಗೀತ ಪಾಠ ಹೇಳಿದವಳು ನಾನು. ಸರಳೆ, ಜಂಟಿ, ಗೀತೆ, ವರ್ಣ. ಆಮೇಲೆ ಮ್ಯೂಸಿಕ್ ಥೆರಪಿ ಕಲಿತು, ಒಂದು ವಿಶೇಷ ಶಾಲೆಗೆ ವಾರಕ್ಕೆ ಎರಡು ದಿನ ಹೋಗತೊಡಗಿದೆ. ಅಲ್ಲಿ ಸಿಕ್ಕಿದ್ದು ಆರು ಮಕ್ಕಳು. ಯಾರಿಗೂ ಒಂದೇ ತೊಂದರೆ ಅಲ್ಲ. ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಬಾರದ ಸ್ಥಿತಿ), ಜೊತೆಗೆ ಫಿಟ್ಸ್, ಕಣ್ಣು ಮಂಜು, ಮಾತಿಲ್ಲ.

ಮೊದಲ ದಿನ ಢೋಲಕ್ ತೆಗೆದುಕೊಂಡು ಹೋದೆ. ಮಕ್ಕಳು ಅಂದ್ರೆ ಗಲಾಟೆ ಇರಬೇಕು ಅಂತ ನನ್ನ ಲೆಕ್ಕ. ಒಂದು ಏಟು ಬಿದ್ದದ್ದೇ ತಡ, ವೀಲ್‌ಚೇರಿನಲ್ಲಿದ್ದ ಹುಡುಗನ ಎರಡೂ ಕೈ ಮೇಲಕ್ಕೆ ಹಾರಿದವು, ಮೈ ಸೆಟೆದುಕೊಂಡಿತು. ಖುಷಿಯಾಯಿತು ಅಂದುಕೊಂಡು ಇನ್ನೊಂದು ಬಾರಿಸಿದೆ! ಫಿಸಿಯೋ ಮೇಡಂ ಬಂದು ಢೋಲಕ್ ಮೇಲೆ ಕೈ ಇಟ್ಟರು. "ಅದು ಖುಷಿ ಅಲ್ಲ ಮೇಡಂ, ಬೆಚ್ಚಿದ್ದು. ಇನ್ನು ಅರ್ಧ ಗಂಟೆ ಇವನ ಮೈ ಸಡಿಲ ಆಗಲ್ಲ."

ಆಮೇಲೆ ಎರಡು ವಾರ ಏನೂ ನುಡಿಸಲಿಲ್ಲ. ಸುಮ್ನೆ ಪಕ್ಕದಲ್ಲಿ ಕೂತೆ. ಫೈಲ್ ಓದಿದೆ. ಅಪರೂಪಕ್ಕೆ ಕೆಲವರಿಗೆ ಸಂಗೀತದಿಂದಲೇ ಫಿಟ್ಸ್ ಬರುವುದುಂಟು, ಹಾಗಾಗಿ ಆ ಮಕ್ಕಳ ಡಾಕ್ಟರನ್ನೂ ಕೇಳಿಕೊಂಡೆ.

ಆಗ ನೆನಪಾದದ್ದು ಹಲಗೆ. ಡೆನ್ಮಾರ್ಕಿನ ಲಿಲ್ಲಿ ನೀಲ್ಸನ್ ಅವರು ಕಣ್ಣು ಕಾಣದ, ಜೊತೆಗೆ ಬೇರೆ ತೊಂದರೆಗಳೂ ಇರುವ ಮಕ್ಕಳಿಗೆ ಬಳಸುತ್ತಿದ್ದ ತೆಳು ಪ್ಲೈವುಡ್ ಹಲಗೆ ಅದು. ಅಂಚಿನ ಕೆಳಗೆ ಪಟ್ಟಿ ಹೊಡೆದು ನೆಲದಿಂದ ಚೂರು ಮೇಲೆತ್ತಿರುತ್ತಾರೆ. ನಮ್ಮ ಬೀದಿಯ ಬಡಗಿ 4 ಎಂಎಂ ಅಂದ ಕೂಡಲೇ ತಲೆ ಆಡಿಸಿದ. "ಮಗು ಮಲಗುತ್ತಾ ಇದರ ಮೇಲೆ? 12 ಎಂಎಂ ಹಾಕ್ತೀನಮ್ಮ, ಗಟ್ಟಿ ಇರುತ್ತೆ." ಗಟ್ಟಿಯಾದರೆ ಅದು ಮಂಚ ಆಗುತ್ತದೆ, ನಾದ ಬರಲ್ಲ ಅಂತ ಒಪ್ಪಿಸುವುದರಲ್ಲಿ ಸಾಕಾಯಿತು. ಹುಡುಗನನ್ನು ಅದರ ಮೇಲೆ ಮಲಗಿಸಿ, ತಂಬೂರಿಯ ಬುರುಡೆಯನ್ನು ಹಲಗೆಗೆ ತಾಗಿಸಿ ಮೀಟಿದೆ. ನಾದ ಬೆನ್ನಿಗೆ ಹೋಗುತ್ತದೆ. ಮೂರನೇ ದಿನ ಅವನ ಬಿಗಿಮುಷ್ಟಿ ಬಿಚ್ಚಿತು.

ಇವನು ಆಗಾಗ "ಊಂ" ಅಂತ ಒಂದು ಸದ್ದು ಮಾಡುತ್ತಿದ್ದ. ನನ್ನ ಶ್ರುತಿ, ಅಂದರೆ ನಾನು ಹಾಡುವ ಸ, ಐದು; ಅವನ ಊಂ ಒಂದು ಮೆಟ್ಟಿಲು ಕೆಳಗೆ, ನಾಲ್ಕರ ಆಸುಪಾಸು. ತಂಬೂರಿ ಇಳಿಸಿಕೊಂಡೆ. ಮಗುವಿನ ಸದ್ದಿನಿಂದಲೇ ಸಂಗೀತ ಕಟ್ಟುವ ಈ ದಾರಿ ನಾನು ಕಂಡುಹಿಡಿದದ್ದಲ್ಲ. ಅಮೆರಿಕದ ಪಾಲ್ ನಾರ್ಡಾಫ್, ಇಂಗ್ಲೆಂಡಿನ ಕ್ಲೈವ್ ರಾಬಿನ್ಸ್ 1959ರಲ್ಲಿ ಶುರು ಮಾಡಿದ ಕೆಲಸ. ಅವರದು ಪಿಯಾನೋ, ನನ್ನದು ಸರಳೆ ಪಾಠದ ರಾಗ ಮಾಯಾಮಾಳವಗೌಳ.

ಅವನು ಉಸಿರು ಬಿಡುವಾಗ ಹಾಡುವುದು, ಎಳೆದುಕೊಳ್ಳುವಾಗ ನಿಲ್ಲಿಸುವುದು. ಸ ರಿ ಗ ಮ ಪ ದ ನಿ, ಅಲ್ಲಿಗೆ ಬಾಯಿ ಮುಚ್ಚಿಬಿಡುವುದು. ಆ ರಾಗದ ನಿಷಾದದಲ್ಲಿ, ಅಂದರೆ ನಿಯಲ್ಲಿ, ನಿಂತರೆ ಕೇಳುವವರಿಗೆ ಮೇಲಿನ ಸ ಬೇಕೇ ಬೇಕು ಅನ್ನಿಸುತ್ತದೆ, ಅಲ್ವಾ? ಪಾಠದ ಮಕ್ಕಳಿಗೆ ನಾನು ಮೂರು ಸೆಕೆಂಡ್ ಕೊಟ್ಟು ಹೇಳಿಕೊಟ್ಟುಬಿಡುತ್ತಿದ್ದೆ. ಇಲ್ಲಿ ಗಡಿಯಾರ ನೋಡುತ್ತಾ ಕೂತೆ. 20 ಸೆಕೆಂಡ್ ಎಷ್ಟು ಉದ್ದ ಅಂತ ಅವತ್ತು ಗೊತ್ತಾಯಿತು. ಆಯಾ ಅಕ್ಕ ಪಾಪ, "ಮಿಸ್, ಮರೆತುಹೋಯ್ತಾ?" ಅಂದರು.

ಏಳನೇ ವಾರದ ನೋಟ್‌ಬುಕ್ಕಿನಲ್ಲಿ ಹೀಗಿದೆ: "ಮಂಗಳವಾರ. ನಿ. 17 ಸೆಕೆಂಡ್. ಎಡಗೈ ಕಿರುಬೆರಳು." ಕಾಕತಾಳೀಯ ಇದ್ದರೂ ಇರಬಹುದು. ಅದಕ್ಕೆ ಮುಂದಿನ ಕೆಲವು ದಿನ ಒಮ್ಮೆ ಸ ತನಕ ಪೂರ್ತಿ ಹಾಡಿದೆ, ಒಮ್ಮೆ ನಿಯಲ್ಲಿ ನಿಲ್ಲಿಸಿದೆ. ಪೂರ್ತಿ ಹಾಡಿದಾಗ ಬೆರಳು ಸುಮ್ಮನಿತ್ತು. ನಿಲ್ಲಿಸಿದಾಗ ಎಲ್ಲ ಸಲ ಅಲ್ಲದಿದ್ದರೂ ಜಾಸ್ತಿ ಸಲ ಎದ್ದಿತು. ಊಂ ಬಂದದ್ದು ಅದಾದ ಮೇಲೆ, ಷಡ್ಜಕ್ಕಿಂತ, ಅಂದರೆ ಸಗಿಂತ, ಒಂದು ಕೂದಲು ಕೆಳಗೆ. ನಾನು ಶ್ರುತಿಯನ್ನೇ ಇನ್ನಷ್ಟು ಇಳಿಸಿದೆ.

"ಯಾವ ಕಾಯಿಲೆಗೆ ಯಾವ ರಾಗ ಮಿಸ್?" ಅಂತ ಕೇಳುವವರು ತುಂಬಾ. ವಾಟ್ಸ್‌ಆ್ಯಪ್‌ನಲ್ಲಿ ಅದರ ಪಟ್ಟಿಯೂ ಓಡಾಡುತ್ತದೆ. ನನಗೆ ಅದರಲ್ಲಿ ನಂಬಿಕೆ ಇಲ್ಲ. ಅದೇ ಗುಂಪಿನ ಒಂದು ಹುಡುಗಿ ನಾನು ಯಾವ ರಾಗ ತೆಗೆದರೂ ಅಳುತ್ತಿದ್ದಳು. ಸ್ಟೀಲ್ ತಟ್ಟೆಗೆ ಒಂದು ಹಿಡಿ ರಾಗಿ ಹಾಕಿ, ಬಾಯಿಗೆ ಹೋಗದಂತೆ ಮೇಲೆ ಬಟ್ಟೆ ಕಟ್ಟಿ ಆಡಿಸಿದೆ. ಸರಸರ ಸದ್ದು. ಅಳು ನಿಂತು, ಕುತ್ತಿಗೆ ಮೆಲ್ಲಗೆ ಈ ಕಡೆ ತಿರುಗಿತು. ಅವಳ ಕ್ಲಾಸ್ ಈಗಲೂ ಬರೀ ರಾಗಿಯದೇ.

ಹುಡುಗನ ಅಮ್ಮ ಒಂದು ದಿನ ಕೇಳಿದರು, "ಮಾತು ಬರುತ್ತಾ ಮಿಸ್?" ಬರುತ್ತದೆ ಅನ್ನಲು ಬಾಯಿ ಬರಲಿಲ್ಲ. ಅದರ ಬದಲು ಕಾಯುವುದನ್ನು ತೋರಿಸಿಕೊಟ್ಟೆ. ಈಗ ಮನೆಯಲ್ಲಿ ಸ್ನಾನ ಮಾಡಿಸುವಾಗ ಅವರೇ ಜೋಗುಳ ಹಾಡಿ, ಕೊನೆಯ ಜೋ ಬಿಟ್ಟು ನಿಲ್ಲಿಸುತ್ತಾರಂತೆ.

"ಅವನು ಊಂ ಅನ್ನೋ ಹೊತ್ತಿಗೆ ನೀರು ಆರಿಹೋಗುತ್ತೆ ಮಿಸ್," ಅಂದರು. "ಒಂದು ಚೆಂಬು ಬಿಸಿನೀರು ಪಕ್ಕಕ್ಕೆ ಇಟ್ಕೊಂಡಿರ್ತೀನಿ."