ಕುಮಾರ ಪರ್ವತ: ಕುಕ್ಕೆ ಕಡೆಯಿಂದ ಹತ್ತುವವರಿಗೆ

ಪುಷ್ಪಗಿರಿ ಎಂದೂ ಕರೆಯುವ ಕುಮಾರ ಪರ್ವತದ ಎತ್ತರ 1712 ಮೀಟರ್. ಮುಳ್ಳಯ್ಯನಗಿರಿ ಇದಕ್ಕಿಂತ ಎತ್ತರ ನಿಜ, ಆದರೆ ಅಲ್ಲಿ ತುದಿಯ ಹತ್ತಿರದವರೆಗೂ ರಸ್ತೆಯಿದೆ. ಇಲ್ಲಿ ಘಟ್ಟದ ಬುಡದ ಕುಕ್ಕೆಯಿಂದಲೇ ನಡಿಗೆ. ಏರು 1500 ಮೀಟರಿಗೂ ಹೆಚ್ಚು, ಹೋಗಿಬರಲು ಸುಮಾರು 25 ಕಿ.ಮೀ.

ತಾರಕಾಸುರನನ್ನು ಕೊಂದ ಕುಮಾರಸ್ವಾಮಿ ಆಯುಧ ತೊಳೆದ ನೀರೇ ಕುಮಾರಧಾರಾ ಎಂಬುದು ಸ್ಥಳಪುರಾಣ. ಈ ಬೆಟ್ಟಸಾಲಿನಲ್ಲಿ ಹುಟ್ಟುವ ಹೊಳೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತದೆ. ಈ ಬೆಟ್ಟದಲ್ಲಿ ಸಿಗುವ ಲಿಂಗದಾಕಾರದ ಕಲ್ಲುಗಳಿಗೆ ಕುಮಾರಲಿಂಗ ಎನ್ನುತ್ತಾರೆ. ನೋಡಿ, ಅಲ್ಲೇ ಬಿಟ್ಟುಬನ್ನಿ; ಇದು ವನ್ಯಜೀವಿಧಾಮ, 2012ರಿಂದ ವಿಶ್ವ ಪರಂಪರೆಯ ತಾಣವೂ ಹೌದು.

2024ರ ಜನವರಿ ಕೊನೆಯ ಜನಜಂಗುಳಿಯ ನಂತರ ಅರಣ್ಯ ಇಲಾಖೆ ಚಾರಣ ನಿಲ್ಲಿಸಿ, ಆಮೇಲೆ ಆನ್‌ಲೈನ್ ಟಿಕೆಟ್ ಕಡ್ಡಾಯ ಮಾಡಿತು. ಟಿಕೆಟ್ ಸಿಕ್ಕ ಮೇಲೆಯೇ ಬಸ್ ಬುಕ್ ಮಾಡಿ. ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯಕ್ಕೆ ದಾರಿ ಮುಚ್ಚುತ್ತಾರೆ. ಮಳೆಗಾಲದಲ್ಲಿ ಬಂಡೆ ಜಾರು, ಉಂಬಳದ ಕಾಟ. ಅಕ್ಟೋಬರ್‌ನಿಂದ ಜನವರಿ ಒಳ್ಳೆಯ ಕಾಲ. ತುದಿಯಲ್ಲಿ ಟೆಂಟ್ ಹಾಕುವಂತಿಲ್ಲ.

ಮೊದಲ ಐದಾರು ಕಿ.ಮೀ. ದಟ್ಟ ಕಾಡು. ದಾರಿ ನಡುವೆ ಚಾರಣಿಗರಿಗೆ ಊಟ ಸಿಗುವ ಗಿರಿಗದ್ದೆಯ ಭಟ್ಟರ ಮನೆ ತಲುಪಲು ಎರಡೂವರೆ-ಮೂರು ತಾಸು ಬೇಕು. ನೆರಳಿದೆ ಎಂದು ಇಲ್ಲಿ ಓಡಿದವರು ಮುಂದೆ ಸೋಲುತ್ತಾರೆ. ಅಲ್ಲಿಂದ ಮುಂದೆ ಅರಣ್ಯ ಇಲಾಖೆಯ ಚೆಕ್‌ಪೋಸ್ಟ್ ದಾಟಿದರೆ ಬೋಳು ಹುಲ್ಲುಗಾವಲು, ಒಂದು ಮರವೂ ಇಲ್ಲ. ಬಹಳ ಮಂದಿ ಹಿಂದಿರುಗುವುದು ಈ ಬಿಸಿಲಿಗೆ. ಹಾಗಾಗಿ ಹನ್ನೊಂದರೊಳಗೆ ಹುಲ್ಲುಗಾವಲಿನ ದಾರಿಯಲ್ಲಿರುವ ಕಲ್ಲುಮಂಟಪ ದಾಟುವಂತೆ ಬೆಳಕು ಹರಿಯುತ್ತಲೇ ಹೊರಡಿ. ತಲೆಗೆ ಮೂರು ಲೀಟರ್ ನೀರು, ಉಪ್ಪು-ಸಕ್ಕರೆ ಬೆರೆಸಿದ ಒಂದು ಬಾಟಲಿ ಬೇರೆ. ಮಂಟಪದ ಬಳಿಯ ತೊರೆ ಬೇಸಿಗೆ ಹತ್ತಿರವಾದಂತೆ ಬತ್ತುತ್ತದೆ, ಅದನ್ನು ನೆಚ್ಚಬೇಡಿ.

ಕುಮಾರ ಪರ್ವತಕ್ಕೆ ಮೊದಲು ಸಿಗುವ ಶಿಖರ ಶೇಷಪರ್ವತವನ್ನು ಹತ್ತಿದಾಗ ಇದೇ ತುದಿ ಅನ್ನಿಸುತ್ತದೆ. ಅಲ್ಲ. ಅಲ್ಲಿಂದ ಶೋಲಾ ಕಾಡಿಗೆ (ಬೆಟ್ಟದ ಮಡಿಲಿನ ದಟ್ಟ ಕಾಡು) ಇಳಿದು, ಕೈಯೂರಿ ಬಂಡೆ ಏರಿದರೆ ಕುಮಾರ ಪರ್ವತ. ಕಾಡಿನ ಬಂಡೆ ಒಣಗಿದಂತೆ ಕಂಡರೂ ಪಾಚಿ ಒದ್ದೆಯಾಗಿರುತ್ತದೆ; ಹೆಜ್ಜೆಯನ್ನು ಬೇರಿನ ಮೇಲಲ್ಲ, ಮಣ್ಣಿನ ಮೇಲಿಡಿ. ಮಧ್ಯಾಹ್ನ ಒಂದಾದರೂ ತುದಿ ಮುಟ್ಟದಿದ್ದರೆ ಅಲ್ಲಿಂದಲೇ ತಿರುಗಿ.

ಇಳಿಯಲು ನಾಲ್ಕೈದು ತಾಸು. ಹುಲ್ಲುಗಾವಲಿನ ಇಳುಕಲಿನಲ್ಲಿ ಸಡಿಲ ಹರಳುಕಲ್ಲಿನ ಮೇಲೆ ಪಾದ ಜಾರುತ್ತದೆ; ಮೊಣಕಾಲು ಸ್ವಲ್ಪ ಬಾಗಿಸಿ, ಹೆಜ್ಜೆ ಚಿಕ್ಕದಾಗಿಸಿ. ಇಳಿಯಲು ಹೊರಡುವ ಮುನ್ನ ಷೂ ಲೇಸನ್ನು ಕಣಕಾಲಿನ ಬಳಿ ಬಿಗಿಯಾಗಿ ಕಟ್ಟಿ, ಇಲ್ಲದಿದ್ದರೆ ಹೆಬ್ಬೆರಳು ಷೂ ತುದಿಗೆ ಬಡಿದೂ ಬಡಿದೂ ಉಗುರು ಕಪ್ಪಾಗುತ್ತದೆ. ಕೆಳಗಿನ ಕಾಡಿನಲ್ಲಿ ಐದೂವರೆಗೇ ಮಬ್ಬು ಕವಿಯುತ್ತದೆ. ಟಾರ್ಚ್ ಚೀಲದ ತಳದಲ್ಲಿ ಬೇಡ, ಮೇಲಿನ ಜೇಬಿನಲ್ಲಿರಲಿ.