ಅಮೆರಿಕದ ಕಾಲೇಜಿಂದ ‘ಆನರ್ ಸೊಸೈಟಿ ಸೇರ್ಕೊಳಿ’ ಅಂತ ಮೇಲ್ ಬಂದ್ರೆ ಮುಂದೇನು?

ಹೋದ ವರ್ಷ ಮಾರ್ಚ್ ಕೊನೇಲಿ ಒಂದಿನ ರಾತ್ರಿ ಎಂಟೂವರೆ, ಹಾಸನದಲ್ಲಿ ಕರೆಂಟ್ ಇರ್ಲಿಲ್ಲ, ಮೊಬೈಲ್ ಟಾರ್ಚ್ ಹಾಕ್ಕೊಂಡು ಮಕ್ಕಳ ಟ್ಯೂಷನ್ ಪೇಪರ್ ತಿದ್ತಾ ಕೂತಿದ್ದೆ, ಅಷ್ಟೊತ್ತಿಗೆ ಅಕ್ಕನ ಮಗಳು ಅಮೆರಿಕದಿಂದ ವಿಡಿಯೋ ಕಾಲ್ ಮಾಡಿದ್ಳು. ಅಲ್ಲಿ ಬೆಳಿಗ್ಗೆ ಹನ್ನೊಂದು. ‘ಮಾಮ, ಯಾವ್ದೋ ಬಿಸಿನೆಸ್ ಆನರ್ ಸೊಸೈಟಿಗೆ ನಿನ್ನ ಸೆಲೆಕ್ಟ್ ಮಾಡಿದೀವಿ ಅಂತ ಮೇಲ್ ಬಂದಿದೆ, ಫೀ ಕಟ್ಬೇಕಂತೆ, ಕಟ್ಲಾ?’ ಅಂದ್ಳು. ನಾನು ಹಿಂದೆ ಮುಂದೆ ನೋಡ್ದೆ ‘ಲಾಟರಿ ಮೆಸೇಜ್ ಇದ್ದಂಗೆ ಅದು, ಡಿಲೀಟ್ ಮಾಡು’ ಅಂದ್ಬಿಟ್ಟೆ. ಬಿಕಾಂ ಹುಡುಗ್ರಿಗೆ ಇಪ್ಪತ್ತು ವರ್ಷದಿಂದ ಪಾಠ ಹೇಳ್ತಿರೋನು ನಾನು, ನಂಗೇ ಗೊತ್ತಿರ್ಲಿಲ್ಲ ಅಂದ್ಮೇಲೆ ಅಪ್ಪ ಅಮ್ಮಂದಿರಿಗೆ ಎಲ್ಲಿ ಗೊತ್ತಿರತ್ತೆ.

ನಾನು ಹೇಳಿದ್ದು ಅರ್ಧ ತಪ್ಪು. ಅವಳಿಗೆ ಬಂದಿದ್ದು ಎರಡು ಮೇಲ್, ಒಂದು ನಿಜವಾದ್ದು, ಇನ್ನೊಂದು ದುಡ್ಡು ಕಟ್ಟೋರಿಗೆಲ್ಲ ಸರ್ಟಿಫಿಕೇಟ್ ಹಂಚೋ ಜಾತಿದು. ಎರಡನ್ನೂ ಬಿಡಿಸಿ ನೋಡೋಕೆ ಮೂರು ವಾರ ಹಿಡೀತು. ಈಗ ಹಾಸನ, ಸಕಲೇಶಪುರ, ಚಿಕ್ಕಮಗಳೂರು ಕಡೆಯಿಂದ ಎಜುಕೇಷನ್ ಲೋನ್ ಮಾಡ್ಕೊಂಡು ಹೋಗಿರೋ ಮಕ್ಕಳು ಬೇಕಾದಷ್ಟು ಇದಾರೆ, ಅವರಿಗೂ ಈ ಮೇಲ್ ಬರತ್ತೆ, ಅದಕ್ಕೆ ಆ ಮೂರು ವಾರದಲ್ಲಿ ಕಲ್ತಿದ್ದನ್ನ ಇಲ್ಲಿ ಬರೀತಿದೀನಿ.

ಮೊದ್ಲು ಇದೇನು ಅಂತ ತಿಳ್ಕೊಳಿ

ನಮ್ಮಲ್ಲಿ ಯೂನಿವರ್ಸಿಟಿ ರ‍್ಯಾಂಕ್ ಬಂದ್ರೆ ಪೇಪರ್‌ನೋರು ಮನೆಗೆ ಬರ್ತಾರೆ, ಘಟಿಕೋತ್ಸವದಲ್ಲಿ ಮೆಡಲ್ ಹಾಕ್ತಾರೆ, ಯಾರೂ ಒಂದು ರೂಪಾಯಿ ಕೇಳಲ್ಲ. ಅಮೆರಿಕದಲ್ಲಿ ಹಂಗಲ್ಲ. ಚೆನ್ನಾಗಿ ಓದೋರನ್ನ ಒಂದು ಸಂಘಕ್ಕೆ ಕರೀತಾರೆ, ಹೋದ್ರೆ ಸದಸ್ಯರು, ಹೋಗ್ದಿದ್ರೆ ಇಲ್ಲ, ಸೇರೋಕೆ ಫೀ ಇರತ್ತೆ. ಈ ಪದ್ಧತಿ ಶುರುವಾಗಿದ್ದು 1776ರಲ್ಲಿ, ಫೈ ಬೀಟಾ ಕಪ್ಪಾ ಅನ್ನೋದ್ರಿಂದ. ಗ್ರೀಕ್ ಅಕ್ಷರದ ಹೆಸರಿಡೋ ಚಾಳಿನೂ ಅಲ್ಲಿಂದ್ಲೇ ಬಂದಿದ್ದು. ಬಿಸಿನೆಸ್ ಓದೋರ ಮಟ್ಟಿಗೆ ದೊಡ್ಡ ಹೆಸರು ಬೀಟಾ ಗಾಮಾ ಸಿಗ್ಮಾ, 1913ರಲ್ಲಿ ವಿಸ್ಕಾನ್ಸಿನ್, ಇಲಿನಾಯ್, ಕ್ಯಾಲಿಫೋರ್ನಿಯಾ ಈ ಮೂರು ಯೂನಿವರ್ಸಿಟಿಯ ಸಂಘಗಳು ಸೇರಿ ಕಟ್ಟಿದ್ದು. ಅದೇ ವರ್ಷ ನ್ಯೂಯಾರ್ಕ್ ಯೂನಿವರ್ಸಿಟಿಯಲ್ಲಿ ಡೆಲ್ಟಾ ಮ್ಯೂ ಡೆಲ್ಟಾ ಹುಟ್ಕೊಂತು. ಅಂದ್ರೆ ಫೀ ಕೇಳಿದ ತಕ್ಷಣ ಮೋಸ ಅಂತ ತಿಳ್ಕೊಬೇಡಿ, ನಾನು ಮಾಡಿದ ತಪ್ಪೇ ಅದು.

ಇನ್ನೊಂದು ಗೊಂದಲ ಇದೆ, ಅದನ್ನೂ ಇಲ್ಲೇ ಹೇಳ್ಬಿಡ್ತೀನಿ. ಆಲ್ಫಾ ಕಪ್ಪಾ ಸೈ, ಡೆಲ್ಟಾ ಸಿಗ್ಮಾ ಪೈ ಅಂತ ಬೇರೆ ಗ್ರೀಕ್ ಹೆಸರಿನವೂ ಕ್ಯಾಂಪಸ್ಸಲ್ಲಿ ಇರ್ತವೆ, ಅವು ಬಿಸಿನೆಸ್ ಹುಡುಗ್ರ ಬಳಗ ಇದ್ದಂಗೆ, ಪರಿಚಯ ಬೆಳೆಸೋಕೆ ಒಳ್ಳೇದೇ, ಆದ್ರೆ ರ‍್ಯಾಂಕಿಗೂ ಅದಕ್ಕೂ ಸಂಬಂಧ ಇಲ್ಲ. ಹೆಸರು ಕೇಳಿದ್ರೆ ಎಲ್ಲಾ ಒಂದೇ ತರ ಕೇಳ್ಸತ್ತೆ, ನಮ್ಮಕ್ಕ ಅಂತೂ ಎಲ್ಲದನ್ನೂ ‘ಆ ಗಾಮಾ ಪೈಲ್ವಾನ್ ಸಂಘ’ ಅಂತಾನೇ ಕರೀತಾಳೆ.

ಎರಡನೇ ಕೆಲಸ: ಮೇಲ್ ಬಿಟ್ಟು ಕಾಲೇಜಿನ ಕಡೆಯಿಂದ ನೋಡಿ

ಇದೇ ಮುಖ್ಯ. ಮೇಲ್ ಒಳಗಿರೋ ಲಿಂಕ್ ಒತ್ತಿ ‘ಇದು ನಿಜಾನಾ’ ಅಂತ ಹುಡುಕಿದ್ರೆ ಅವರೇ ಬರೆದಿರೋ ಹೊಗಳಿಕೆ ಸಿಗತ್ತೆ, ಇನ್ನೇನು ಸಿಗತ್ತೆ. ಕಾಲೇಜಿನ ಸ್ವಂತ ವೆಬ್‌ಸೈಟ್‌ಗೆ ಹೋಗಿ, ಬಿಸಿನೆಸ್ ಸ್ಕೂಲ್ ಪುಟದಲ್ಲಿ ಆ ಸೊಸೈಟಿ ಹೆಸರು ಹುಡುಕಿ. ಚಾಪ್ಟರ್, ಅಂದ್ರೆ ಆ ಕಾಲೇಜಲ್ಲಿರೋ ಸೊಸೈಟಿ ಶಾಖೆ, ಇದ್ರೆ ಅದಕ್ಕೊಬ್ರು ಫ್ಯಾಕಲ್ಟಿ ಅಡ್ವೈಸರ್ ಇರ್ತಾರೆ, ಅಂದ್ರೆ ಅಲ್ಲೇ ಪಾಠ ಮಾಡೋ ಪ್ರೊಫೆಸರ್ ಯಾರೋ ಒಬ್ರು. ಅವರ ಕಾಲೇಜ್ ಐಡಿಗೆ ‘ಸರ್, ನಂಗೆ ಹಿಂಗೊಂದು ಮೇಲ್ ಬಂದಿದೆ, ನಿಮ್ಮ ಕಡೆಯಿಂದ್ಲೇನಾ’ ಅಂತ ಎರಡು ಲೈನ್ ಬರೆದ್ರೆ ಸಾಕು. ನಮ್ಮ ಹುಡುಗಿ ಸಂಕೋಚ ಪಟ್ಕೊಂಡು ಹತ್ತು ದಿನ ಸುಮ್ನಿದ್ಳು, ಕೊನೆಗೆ ಬರೆದ್ಳು, ಅವತ್ತು ಸಂಜೇನೇ ಉತ್ತರ ಬಂತು.

ಜೊತೆಗೆ ಮಾನ್ಯತೆನೂ ನೋಡ್ಕೊಳಿ. ಬೀಟಾ ಗಾಮಾ ಸಿಗ್ಮಾ ಚಾಪ್ಟರ್ ಇರೋದು ಎಎಸಿಎಸ್‌ಬಿ ಮಾನ್ಯತೆ ಪಡೆದ ಬಿಸಿನೆಸ್ ಸ್ಕೂಲಲ್ಲಿ ಮಾತ್ರ. ಎಎಸಿಎಸ್‌ಬಿ ಅಂದ್ರೆ 1916ರಿಂದ ಇರೋ ಸಂಸ್ಥೆ, ನಮ್ಮಲ್ಲಿ ಕಾಲೇಜ್‌ಗಳು ನ್ಯಾಕ್ ಗ್ರೇಡಿಗೆ ಬಡಿದಾಡ್ತಾವಲ್ಲ, ಹೆಚ್ಚುಕಮ್ಮಿ ಆ ತರ. ಯಾವ್ಯಾವ ಸ್ಕೂಲಿಗೆ ಮಾನ್ಯತೆ ಇದೆ ಅನ್ನೋ ಪಟ್ಟಿ ಅವರ ವೆಬ್‌ಸೈಟಲ್ಲೇ ಇರತ್ತೆ. ನಿಮ್ಮ ಸ್ಕೂಲ್ ಅದ್ರಲ್ಲಿ ಇಲ್ದೆ ಇದ್ದು, ಮೇಲ್ ಮಾತ್ರ ಬೀಟಾ ಗಾಮಾ ಸಿಗ್ಮಾ ಹೆಸ್ರಲ್ಲಿ ಬಂದಿದ್ರೆ, ಅಲ್ಲಿಗೆ ಮುಗೀತು. ಡೆಲ್ಟಾ ಮ್ಯೂ ಡೆಲ್ಟಾ ಇರೋ ಕಡೆ ಸಾಮಾನ್ಯವಾಗಿ ಎಸಿಬಿಎಸ್‌ಪಿ ಅನ್ನೋ ಬೇರೆ ಮಾನ್ಯತೆ ಇರತ್ತೆ. ಅಂದಹಾಗೆ ಇದಕ್ಕೆ ಅಮೆರಿಕಕ್ಕೇ ಹೋಗಿರ್ಬೇಕು ಅಂತೇನಿಲ್ಲ, ಮಣಿಪಾಲದ ಟಿ.ಎ. ಪೈ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟ್‌ಗೂ ಎಎಸಿಎಸ್‌ಬಿ ಮಾನ್ಯತೆ ಸಿಕ್ಕಿದೆ. ಮಾನ್ಯತೆ ಇದ್ದ ಮಾತ್ರಕ್ಕೆ ಚಾಪ್ಟರ್ ತಾನಾಗೇ ಬರಲ್ಲ, ಸ್ಕೂಲು ಬೇರೆಯಾಗಿ ತಗೋಬೇಕು, ಹಂಗಾಗಿ ಎಲ್ಲೇ ಓದ್ತಿದ್ರೂ ಆಫೀಸಲ್ಲಿ ಕೇಳೋದೇ ಸರಿ.

ಇನ್ನೊಂದು ಕಡೇನೂ ನೋಡ್ಬಹುದು. ಈ ಸೊಸೈಟಿಗಳಿಗೇ ಒಂದು ಒಕ್ಕೂಟ ಇದೆ, ಅಸೋಸಿಯೇಷನ್ ಆಫ್ ಕಾಲೇಜ್ ಆನರ್ ಸೊಸೈಟೀಸ್ ಅಂತ, 1925ರದ್ದು. ಒಂದೇ ಸಬ್ಜೆಕ್ಟಿನ ಸೊಸೈಟಿ ಆದ್ರೆ ಕ್ಲಾಸಿನ ಮೇಲಿನ 35% ಒಳಗೆ, ಎಲ್ಲಾ ಸಬ್ಜೆಕ್ಟಿಗೂ ಸೇರಿದ್ದಾದ್ರೆ 20% ಒಳಗೆ ಇರೋರನ್ನ ಮಾತ್ರ ತಗೋಬೇಕು ಅಂತ ಅವರ ಕನಿಷ್ಠ ಮಟ್ಟ. ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ, ನಮ್ಮ ಹುಡುಗಿಗೆ ಬಂದ ಎರಡನೇ ಮೇಲ್‌ನಲ್ಲಿ ಅವಳ ಜಿಪಿಎ (ನಾಲ್ಕಕ್ಕೆ ಲೆಕ್ಕ ಹಾಕೋ ಮಾರ್ಕ್ಸ್ ಸರಾಸರಿ) ಎಷ್ಟು ಅಂತ ಅವಳೇ ತುಂಬೋ ಖಾಲಿ ಬಾಕ್ಸ್ ಇತ್ತು! ರ‍್ಯಾಂಕ್ ನೋಡಿ ಕರೆದೋರಿಗೆ ನನ್ನ ಮಾರ್ಕ್ಸ್ ನಾನ್ಯಾಕೆ ಹೇಳ್ಬೇಕು? ಅದನ್ನ ನೋಡಿದ ಮೇಲೆ ಬೇರೆ ಪರೀಕ್ಷೆ ಏನೂ ಬೇಕಿರ್ಲಿಲ್ಲ.

ಮೂರನೇದು: ನೀವು ಯಾವ ಸಾಲಲ್ಲಿ ಇದೀರ ಲೆಕ್ಕ ಹಾಕಿ

ಬೀಟಾ ಗಾಮಾ ಸಿಗ್ಮಾದಲ್ಲಿ ಡಿಗ್ರಿಯವರಾದ್ರೆ ಕ್ಲಾಸಿನ ಮೇಲಿನ 10%, ಮಾಸ್ಟರ್ಸ್‌ನೋರಾದ್ರೆ ಮೇಲಿನ 20%. ಡೆಲ್ಟಾ ಮ್ಯೂ ಡೆಲ್ಟಾದಲ್ಲಿ 20%, ಜೊತೆಗೆ ಕೋರ್ಸ್ ಅರ್ಧ ಆದ್ರೂ ಮುಗಿಸಿರ್ಬೇಕು. ಪಿಎಚ್‌ಡಿಯವರಿಗೆ, ಪ್ರೊಫೆಸರ್‌ಗಳಿಗೆ ದಾರಿ ಬೇರೆ, ಅದು ಇಲ್ಲಿ ಬೇಡ.

ನಮ್ಮ ಮಕ್ಕಳು ಎಡವೋದು ಎಲ್ಲಿ ಅಂದ್ರೆ, ಪಿಯುಸಿ ಡಿಸ್ಟಿಂಕ್ಷನ್ ತರ ಲೆಕ್ಕ ಹಾಕ್ತಾರೆ. 85% ಮೇಲೆ ಬಂದೋರಿಗೆಲ್ಲ ಡಿಸ್ಟಿಂಕ್ಷನ್, ಕ್ಲಾಸಿಗೆ ಕ್ಲಾಸೇ ತಗೊಂಡ್ರೂ ಯಾರೂ ಬೇಡ ಅನ್ನಲ್ಲ. ಕಾಫಿ ಕ್ಯೂರಿಂಗ್‌ನಲ್ಲೂ ಅಷ್ಟೇ, ಜರಡಿ ತೂತು ಇಷ್ಟೇ ಅಂತ ಗೊತ್ತು, ಅದರ ಮೇಲೆ ನಿಂತ ಬೀಜ ಎಲ್ಲಾ ಎ ಗ್ರೇಡು. ಇಲ್ಲಿ ಜರಡಿ ಇಲ್ಲ, ಸಾಲು ನಿಲ್ಲಿಸಿ ಮುಂದಿನೋರನ್ನ ಎಣಿಸ್ಕೊಳೋದು. ಬ್ಯಾಚಲ್ಲಿ 85 ಜನ ಇದ್ರೆ ಮಾಸ್ಟರ್ಸ್‌ನ 20% ಅಂದ್ರೆ 17 ಜನ, ಹದಿನೆಂಟನೇಯೋನಿಗೆ 3.9 ಇದ್ರೂ ಮೇಲ್ ಬರಲ್ಲ. ಅದೇ ಇನ್ನೊಂದು ಸ್ಕೂಲಲ್ಲಿ 3.7ಕ್ಕೆ ಬರಬಹುದು. ‘ನಂಗೆ 3.8 ಇದೆ ಯಾಕೆ ಕರೀಲಿಲ್ಲ’ ಅಂತ ಜಗಳ ಆಡೋಕೆ ಹೋಗ್ಬೇಡಿ, ಆ ಪ್ರಶ್ನೆಗೆ ಉತ್ತರ ನಿಮ್ಮ ಹತ್ರ ಇಲ್ಲ, ಪಕ್ಕದೋರ ಮಾರ್ಕ್ಸ್ ಕಾರ್ಡಲ್ಲಿ ಇದೆ.

ಜಿಪಿಎ ಲೆಕ್ಕನೂ ಒಂದ್ಸಲ ಕೈಯಲ್ಲಿ ಹಾಕಿ ನೋಡಿ. ಆ ಮೂರು ವಾರದಲ್ಲಿ ಒಂದಿನ ನಾವಿಬ್ರೂ ಫೋನಲ್ಲೇ ಹಾಕಿದ್ವಿ, ನಾನು ಟ್ಯೂಷನ್ ಪೇಪರ್ ಹಿಂದೆ ಬರ್ಕೊಂಡೆ. ಸಾಮಾನ್ಯವಾಗಿ ಎ ಅಂದ್ರೆ 4.0, ಎ ಮೈನಸ್ 3.7, ಬಿ ಪ್ಲಸ್ 3.3, ಬಿ ಅಂದ್ರೆ 3.0. ಮೂರು ಕ್ರೆಡಿಟ್ಟಿನ (ಕ್ರೆಡಿಟ್ ಅಂದ್ರೆ ಆ ಸಬ್ಜೆಕ್ಟಿನ ತೂಕ) ಮೂರು ಸಬ್ಜೆಕ್ಟಲ್ಲಿ ಎರಡು ಎ, ಒಂದು ಎ ಮೈನಸ್ ಬಂದಿದೆ ಅಂದ್ಕೊಳಿ: 12, 12, 11.1, ಒಟ್ಟು 35.1, ಅದನ್ನ 9 ಕ್ರೆಡಿಟ್ಟಿಗೆ ಭಾಗಿಸಿದ್ರೆ 3.9. ಇದ್ರ ಮೇಲೆ ಒಂದೂವರೆ ಕ್ರೆಡಿಟ್ಟಿನ ಸಣ್ಣ ಕೋರ್ಸಲ್ಲಿ ಬಿ ಪ್ಲಸ್ ಬಂತು ಅಂದ್ರೆ 4.95 ಸೇರಿ 40.05, ಭಾಗ 10.5, ಈಗ 3.81. ಅಷ್ಟು ಸಣ್ಣ ಕೋರ್ಸು ಅಂತ ಉದಾಸೀನ ಮಾಡಿದ್ದಕ್ಕೆ ಹತ್ತು ಜನ ಮುಂದೆ ಹೋಗಿರ್ತಾರೆ. ನಮ್ಮ ಹುಡುಗಿಗೆ ಆಗಿದ್ದೂ ಹೆಚ್ಚುಕಮ್ಮಿ ಇದೇ, ಅದೃಷ್ಟಕ್ಕೆ ಸಾಲಿನ ಬಾಲದಲ್ಲಿ ಉಳ್ಕೊಂಡ್ಳು. ನಮ್ಮ ಹತ್ತರ ಸಿಜಿಪಿಎನ ಇದಕ್ಕೆ ಜೋಡಿಸೋಕೆ ಹೋಗ್ಬೇಡಿ, ಇಲ್ಲಿ ಬಿಕಾಂನಲ್ಲಿ ಏನು ತೆಗ್ದಿದ್ರೂ ಅಲ್ಲಿ ರ‍್ಯಾಂಕಿಗೆ ಲೆಕ್ಕಕ್ಕಿಲ್ಲ, ಆ ಸ್ಕೂಲಲ್ಲಿ ಓದಿದ್ದು ಮಾತ್ರ.

ಯಾವ ಸೆಮಿಸ್ಟರ್ ಆದ್ಮೇಲೆ ಪಟ್ಟಿ ತೆಗೀತಾರೆ ಅನ್ನೋದು ಚಾಪ್ಟರಿಂದ ಚಾಪ್ಟರಿಗೆ ಬೇರೆ, ಅಡ್ವೈಸರ್‌ನೇ ಕೇಳಿ. ಅಸೈನ್‌ಮೆಂಟ್ ಕಾಪಿ ಹೊಡ್ದು ಸಿಕ್ಕಿಬಿದ್ದಿದ್ರೆ ಮಾರ್ಕ್ಸ್ ಇದ್ರೂ ಹೆಸರು ಬಿಟ್ಟು ಹೋಗತ್ತೆ.

ಅಪ್ಲೈ ಮಾಡೋಕಾಗತ್ತಾ?

ಬೀಟಾ ಗಾಮಾ ಸಿಗ್ಮಾಗೆ ಆಗಲ್ಲ, ಅವರೇ ಕರೀಬೇಕು. ಯಾರ ಶಿಫಾರಸ್ಸೂ ನಡಿಯಲ್ಲ, ನಮ್ಮೂರ ಅಭ್ಯಾಸದಲ್ಲಿ ‘ಸ್ವಲ್ಪ ಹೇಳ್ಸಿ ಸರ್’ ಅಂತ ಹೋಗೋ ಹಂಗಿಲ್ಲ. ಆದ್ರೆ ಅಕೌಂಟಿಂಗ್, ಫೈನಾನ್ಸ್ ಓದೋರಿಗೆ ಬೀಟಾ ಆಲ್ಫಾ ಸೈ ಅಂತ ಇದೆ, 1919ರಲ್ಲಿ ಇಲಿನಾಯ್‌ನಲ್ಲಿ ಶುರುವಾಗಿದ್ದು. ಅಲ್ಲಿ ನೀವಾಗೇ ಹೋಗಿ ಕ್ಯಾಂಡಿಡೇಟ್ ಆಗಿ ಸೇರ್ಕೋಬಹುದು, ಆದ್ರೆ ಮೀಟಿಂಗಿಗೆ ಹೋಗ್ಬೇಕು, ಸಮಾಜಸೇವೆ ಗಂಟೆಗಳನ್ನ ತುಂಬಿಸ್ಬೇಕು, ಮಾರ್ಕ್ಸೂ ಇರ್ಬೇಕು. ನನ್ನ ಕೇಳಿದ್ರೆ ಕೆಲಸ ಹುಡುಕೋರಿಗೆ ಇದೇ ಜಾಸ್ತಿ ಉಪಯೋಗ, ಯಾಕಂದ್ರೆ ಮೀಟಿಂಗಿಗೆ ಆಡಿಟ್ ಕಂಪನಿಯೋರು ಬರ್ತಾರೆ, ಮುಖಾಮುಖಿ ಮಾತಾಡೋಕೆ ಸಿಗ್ತಾರೆ.

ಫೀ ಕಟ್ಟೋ ಮುಂಚೆ

ಬೀಟಾ ಗಾಮಾ ಸಿಗ್ಮಾದ್ದು ಒಂದೇ ಸಲ ಕಟ್ಟೋದು, ಸದಸ್ಯತ್ವ ಜೀವಮಾನ ಪೂರ್ತಿ. ವರ್ಷ ವರ್ಷ ಕೇಳೋದಿದ್ರೆ ಅದು ಬೇರೆ ಯಾವುದೋ, ಇನ್ನೊಂದ್ಸಲ ಓದ್ಕೊಳಿ. ಕೆಲವು ಸ್ಕೂಲು ತಾನೇ ಫೀ ಕಟ್ಟತ್ತೆ ಇಲ್ಲಾ ಅರ್ಧ ಕೊಡತ್ತೆ, ಅದನ್ನ ಅವರಾಗೇ ಹೇಳಲ್ಲ, ಕೇಳ್ಬೇಕು. ನಮ್ಮ ಹುಡುಗಿ ಕೇಳಲಿಲ್ಲ, ಕಟ್ಟಿದ ಮೇಲೆ ಕ್ಲಾಸ್‌ಮೇಟ್ ಹೇಳಿದ್ಳಂತೆ ‘ಡೀನ್ ಆಫೀಸಲ್ಲಿ ಕೇಳಿದ್ರೆ ಕೊಡ್ತಿದ್ರು’ ಅಂತ. ಇಲ್ಲಿಂದ ಅಪ್ಪನ ಕಾರ್ಡಲ್ಲಿ ಕಟ್ಟೋದಾದ್ರೆ ಡಾಲರ್ ರೇಟಿನ ಮೇಲೆ ಬ್ಯಾಂಕ್ ಹಾಕೋ ಮಾರ್ಕಪ್ಪು, ಅದಕ್ಕೆ ಜಿಎಸ್‌ಟಿ, ಅದನ್ನೂ ಸೇರಿಸ್ಕೊಳಿ. ಕೊನೇ ತಾರೀಖು ನೋಡ್ಕೊಳಿ, ದಾಟಿದ್ರೆ ಆ ವರ್ಷದ ಪಟ್ಟಿಯಿಂದ ಹೋಗ್ಬಹುದು.

ಲೋನಿನ ಬಡ್ಡಿ ಓಡ್ತಿದೆ, ಕೈ ಬಿಗಿ ಇದೆ ಅನ್ನೋರು ಬಿಟ್ರೂ ಏನೂ ಮುಳುಗಲ್ಲ. ಇದು ಸ್ಕಾಲರ್‌ಶಿಪ್ ಅಲ್ಲ, ವೀಸಾಗೆ ಅನುಕೂಲ ಆಗಲ್ಲ. ಅಲ್ಲಿನ ಫೆಡರಲ್ ಸರ್ಕಾರಿ ಕೆಲಸಕ್ಕೆ ಮಾತ್ರ ಒಂದು ನಿಯಮ ಇದೆ, ಮಾನ್ಯ ಆನರ್ ಸೊಸೈಟಿ ಸದಸ್ಯರಾದ್ರೆ ಜಿಎಸ್-5 ಬದ್ಲು ಜಿಎಸ್-7 ದರ್ಜೆಯಿಂದ ಶುರು ಮಾಡೋಕೆ ಅರ್ಹತೆ ಸಿಗತ್ತೆ, ಆದ್ರೆ ಆ ಕೆಲಸಗಳು ಬಹುತೇಕ ಅಮೆರಿಕದ ಪ್ರಜೆಗಳಿಗೆ, ನಮ್ಮ ಮಕ್ಕಳಿಗೆ ಅದ್ರಿಂದ ಏನೂ ಬಂದಂಗಾಗಲ್ಲ. ನಮ್ಮೋರಿಗೆ ಸಿಗೋದು ರೆಸ್ಯೂಮಲ್ಲಿ ಒಂದು ಲೈನು. ಡಿಗ್ರಿ ಬರೆಯೋ ಕಡೆನೇ ಕೆಳಗೆ ಸೊಸೈಟಿ ಹೆಸರು, ಪಕ್ಕದಲ್ಲಿ ‘ಕ್ಲಾಸಿನ ಮೇಲಿನ 20%’ ಅಂತ ಹಾಕಿ, ಇಲ್ದಿದ್ರೆ ಬೆಂಗಳೂರಲ್ಲಿ ಇಂಟರ್‌ವ್ಯೂ ಮಾಡೋ ಎಚ್ಆರ್‌ಗೆ ಅದು ಏನೂಂತ ಗೊತ್ತಾಗಲ್ಲ.

ಹೆಸರು ಬರೆಯೋವಾಗ

ಇದನ್ನ ಯಾರೂ ಹೇಳಲ್ಲ ಅಂತ ಕೊನೇಲಿ ಇಟ್ಕೊಂಡಿದ್ದೆ. ನಮ್ಮ ಕಡೆ ಮಕ್ಕಳಿಗೆ ಸರ್‌ನೇಮ್ ಅಂತ ಇರಲ್ಲ, ಊರಿನ ಅಕ್ಷರ, ಅಪ್ಪನ ಅಕ್ಷರ, ಆಮೇಲೆ ಹೆಸರು. ಪಾಸ್‌ಪೋರ್ಟಲ್ಲಿ ಸರ್‌ನೇಮ್ ಜಾಗ ಖಾಲಿ ಬಿಟ್ಟು ಪೂರ್ತಿ ಹೆಸರನ್ನ ಗಿವನ್ ನೇಮ್ ಜಾಗದಲ್ಲಿ ತುಂಬಿದ್ರೆ, ಅಮೆರಿಕದ ವೀಸಾದಲ್ಲಿ ಇರೋ ಹೆಸರೆಲ್ಲ ಕೊನೇ ಹೆಸರಾಗಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್ಎನ್‌ಯು’ ಅಂತ ಕೂರತ್ತೆ. ಮೊದಲ ಹೆಸರು ಗೊತ್ತಿಲ್ಲ ಅಂತ ಅದರ ಅರ್ಥ. ಕಾಲೇಜಿನ ರೆಕಾರ್ಡಿಗೂ ಅದೇ ಹೋಗತ್ತೆ, ಸೊಸೈಟಿಯೋರು ಸರ್ಟಿಫಿಕೇಟಿಗೆ ಅಲ್ಲಿಂದ್ಲೇ ತಗೊಂಡ್ಬಿಡಬಹುದು. ಫಾರಂ ತುಂಬೋವಾಗ ‘ಸರ್ಟಿಫಿಕೇಟಲ್ಲಿ ಹೆಸರು ಹೇಗೆ ಬರ್ಬೇಕು’ ಅನ್ನೋ ಜಾಗ ಇದ್ರೆ ಬಿಡಬೇಡಿ, ಇಲ್ದಿದ್ರೆ ಪ್ರಿಂಟಿಗೆ ಹೋಗೋ ಮುಂಚೆ ಅಡ್ವೈಸರ್‌ಗೆ ಬರೀರಿ.

ನಮ್ಮನೇಲಿ ಬರೀಲಿಲ್ಲ. ಈಗ ಅಕ್ಕನ ಮನೆ ಹಾಲಲ್ಲಿ, ಹಾಸನಾಂಬೆ ಫೋಟೋ ಕೆಳಗೆ, ಗಾಜು ಹಾಕಿಸಿದ ಸರ್ಟಿಫಿಕೇಟ್ ಇದೆ, ಅದ್ರಲ್ಲಿ ಎಫ್ಎನ್‌ಯು ಅಂತ ಎದ್ದು ಕಾಣತ್ತೆ. ಬಂದೋರು ಅದೇನು ಅಂತ ಕೇಳಿದ್ರೆ ಭಾವ ‘ಅದು ಅಲ್ಲಿನ ಡಿಗ್ರಿ, ಎಂಬಿಎಗಿಂತ ಮೇಲಂತೆ’ ಅಂತಾರೆ.