ಅಲಸಂದೆ ಬೆರೆಸಿದ ರಸಮೇವು: ನಾಲ್ಕನೆಯ ಗುಂಡಿಯಲ್ಲಿ ಕೈಹತ್ತಿದ ಬಗೆ

ಅಲಸಂದೆಯಂಥ ದ್ವಿದಳ ಬೆರೆಸಿದರೆ ರಸಮೇವು (ಹಸಿಮೇವನ್ನು ಕತ್ತರಿಸಿ, ಗಾಳಿಯಾಡದಂತೆ ಗುಂಡಿಯಲ್ಲಿ ಮುಚ್ಚಿ ಹುಳಿ ಬರಿಸಿ ಕಾಪಿಡುವ ಸೈಲೇಜ್) ಕೊಳೆಯುತ್ತದೆ, ಮುಸುಕಿನ ಜೋಳ ಬಿಟ್ಟು ಬೇರೆಯದಕ್ಕೆ ಕೈ ಹಾಕಬೇಡ ಎಂದು ನಮ್ಮೂರ ಡೈರಿಗೆ ಹಾಲು ಹಾಕುವವರೆಲ್ಲ ನನಗೆ ಬುದ್ಧಿ ಹೇಳಿದ್ದರು. ಮೊದಲ ಮೂರು ಗುಂಡಿಗಳ ಮಟ್ಟಿಗೆ ಅವರ ಮಾತೇ ನಿಜವಾಯಿತು. ಹೋದ ಬೇಸಿಗೆಯಲ್ಲಿ ನಾಲ್ಕನೆಯ ಗುಂಡಿಯನ್ನು ತೆರೆದು, ಎಂಟು ಮಿಶ್ರತಳಿ ಹಸುಗಳಿಗೆ ಸುಮಾರು ಎಂಟು ವಾರ ತಿನ್ನಿಸಿ ನೋಡಿದ ಮೇಲೆ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ. ಲೆಕ್ಕಗಳೆಲ್ಲ ನೆನಪಿನಿಂದ ಬರೆದವು.

ನಮ್ಮದು ಮಂಡ್ಯ ಸೀಮೆ. ಕೋ-4 ತಳಿಯ ನೇಪಿಯರ್ ಮೇವಿನ ಹುಲ್ಲು ಮುಕ್ಕಾಲು ಎಕರೆಯಲ್ಲಿದೆ, ಕಬ್ಬು ಕಡಿದ ತಾಕಿನಲ್ಲಿ ಮೇವಿನ ಅಲಸಂದೆ ಹಾಕುತ್ತೇನೆ. ಗುಂಡಿ 20 ಅಡಿ ಉದ್ದ, 6 ಅಡಿ ಅಗಲ, 5 ಅಡಿ ಆಳ. ಚೆನ್ನಾಗಿ ತುಳಿಸಿದರೆ 9 ಟನ್ ಹಿಡಿಯುತ್ತದೆ.

ಮೊದಲನೆಯದನ್ನು ಮಳೆಗಾಲದಲ್ಲಿ, 40 ದಿನದ ಎಳೆಯ ನೇಪಿಯರನ್ನೂ ಅಲಸಂದೆಯನ್ನೂ ಕೊಯ್ದ ದಿನವೇ ಕತ್ತರಿಸಿ ತುಂಬಿದೆ. ಐವತ್ತು ದಿನದ ಮೇಲೆ ಶೀಟ್ ಸರಿಸಿದಾಗ ಮೇವು ಕಪ್ಪು ಹಸಿರಾಗಿ ಲೋಳೆಗಟ್ಟಿತ್ತು, ತಳದಲ್ಲಿ ಕಪ್ಪು ನೀರು ನಿಂತಿತ್ತು, ಹಳಸಿದ ಬೆಣ್ಣೆಯಂಥ ಆ ನಾತ ಎರಡು ಸಲ ಸೋಪು ಹಾಕಿ ತೊಳೆದರೂ ಕೈ ಬಿಡಲಿಲ್ಲ. ಹಸುಗಳು ಮೂಸಿ ಮುಖ ತಿರುಗಿಸಿದವು. ಅಷ್ಟನ್ನೂ ತಿಪ್ಪೆಗೆ ಸುರಿದೆ, ಕೂಲಿ, ಡೀಸೆಲ್, ಶೀಟ್ ಸೇರಿ ಹದಿನೇಳು ಹದಿನೆಂಟು ಸಾವಿರ ಹೋಯಿತು. ಎರಡನೆಯ ಸಲ ಹುಳಿ ಬರಲು ಸಕ್ಕರೆಯ ಅಂಶ ಸಾಲದೆಂದು ಕಾಕಂಬಿ (ಮೊಲಾಸಸ್) ಸುರಿದೆನಾದರೂ ನೀರು ತುಂಬಿದ ಮೇವಿನ ರಸದೊಡನೆ ಅದೂ ತಳಕ್ಕಿಳಿದು ಹರಿದುಹೋಯಿತು. ಮೂರನೆಯ ಸಲ ಹೆದರಿ ಅಲಸಂದೆಯನ್ನು ಎರಡು ದಿನ ಬಿಸಿಲಿಗೆ ಬಿಟ್ಟೆ. ಎಲೆಯೆಲ್ಲ ಪುಡಿಯಾಗಿ ಹೊಲದಲ್ಲೇ ಉದುರಿತು, ಉಳಿದ ಕಡ್ಡಿ ಗಟ್ಟಿಯಾಗಿ ಕೂರದೆ ಗಾಳಿ ಸೇರಿ ಮೇಲಿನ ಒಂದಡಿ ಬಿಳಿ ಬೂಷ್ಟು ಹಿಡಿಯಿತು. ಬೂಷ್ಟು ತೆಗೆದೆನೆಂದುಕೊಂಡು ಹಾಕಿದ್ದನ್ನು ತಿಂದ ಒಂದು ಹಸು ಮೂರು ದಿನ ಮೇವು ಬಿಟ್ಟಿತು. ಬೂಷ್ಟು ಕಂಡ ಕಡೆ ಅದರ ಸುತ್ತಲಿನದನ್ನೂ ಎಸೆಯಬೇಕೆಂಬ ಪಾಠವನ್ನು ನಾನು ಕಲಿತದ್ದು ಹೀಗೆ.

ಈ ಮೂರರಲ್ಲೂ ತಪ್ಪು ದ್ವಿದಳದ್ದಲ್ಲ, ನೀರಿನದು: ಮೊದಲೆರಡರಲ್ಲಿ ಹೆಚ್ಚಾಯಿತು, ಮೂರನೆಯದರಲ್ಲಿ ತೀರ ಕಡಿಮೆಯಾಯಿತು. ದ್ವಿದಳದ ಮೇವಿನಲ್ಲಿ ಹುಳಿ ನಿಧಾನವಾಗಿ ಏರುತ್ತದೆ, ಅದರ ಮೇಲೆ ನೀರೂ ಹೆಚ್ಚಾದರೆ ಕೊಳೆಸುವ ಜೀವಾಣುಗಳೇ ಗೆಲ್ಲುತ್ತವೆ. ನಾಲ್ಕನೆಯ ಸಲ ನೇಪಿಯರ್ 55 ದಿನ ದಾಟುವವರೆಗೆ ಕಾದು, ಸಸ್ಯದಲ್ಲಿ ಸಕ್ಕರೆ ಹೆಚ್ಚಿರುವ ಮಧ್ಯಾಹ್ನದ ಮೇಲೆ ಕೊಯ್ಯಿಸಿ, ಮರುದಿನ ಮಧ್ಯಾಹ್ನದವರೆಗೆ ಬಾಡಿಸಿದೆ. ಅಲಸಂದೆಯನ್ನು ಹೂ ಮುಗಿದು ಎಳೆಗಾಯಿ ಕಾಣುವಾಗ ಕೊಯ್ದು, ಬೆಳಗಿನಿಂದ ನಾಲ್ಕೈದು ಗಂಟೆ ಮಾತ್ರ ಬಿಸಿಲಿಗೆ ಹರಡಿದೆ. ಕತ್ತರಿಸಿದ ಮೇವನ್ನು ಮುಷ್ಟಿಯಲ್ಲಿ ಹಿಂಡಿದಾಗ ರಸ ತೊಟ್ಟಿಕ್ಕಬಾರದು, ಅಂಗೈ ತೇವವಾಗಬೇಕು, ಮುಷ್ಟಿ ಬಿಚ್ಚಿದರೆ ಉಂಡೆ ಒಮ್ಮೆಗೇ ಒಡೆಯದೆ ಮೆಲ್ಲನೆ ಅರಳಬೇಕು. ಆ ಹದ ಬರುವವರೆಗೆ ಆಳುಗಳನ್ನು ಸುಮ್ಮನೆ ಕೂರಿಸಿ ಕೂಲಿ ಕೊಟ್ಟೆ, ಆ ಹಣ ದಂಡವಾಗಲಿಲ್ಲ.

ಬರಿ ಅಲಸಂದೆಯನ್ನು ಚಾಫ್ ಕಟ್ಟರ್‌ಗೆ ಕೊಟ್ಟರೆ ಬಳ್ಳಿ ಸುತ್ತಿಕೊಂಡು ಯಂತ್ರ ನಿಲ್ಲುತ್ತದೆ. ನೇಪಿಯರ್ ದಂಟುಗಳ ನಡುವೆ ಅದನ್ನಿಟ್ಟು ಒಟ್ಟಿಗೆ ತಳ್ಳಿದರೆ ಇಂಚಿನಷ್ಟು ಉದ್ದಕ್ಕೆ ಸಲೀಸಾಗಿ ಕತ್ತರಿಸುತ್ತದೆ, ಮಿಶ್ರಣವೂ ತಾನೇ ಆಗುತ್ತದೆ. ನೂರಕ್ಕೆ ಮೂವತ್ತು ಪಾಲು ಅಲಸಂದೆ ಸಾಕು. ಕಾಕಂಬಿಯನ್ನು ಆಲೆಮನೆಯಿಂದ ತಂದೆ. ಯಾವ ಪದರಕ್ಕೆ ಎಷ್ಟು, ಅದರೊಡನೆ ಇನ್ನೇನು ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಒಂದೇ ದಿನದಲ್ಲಿ ತುಂಬಿ, ಟ್ರ್ಯಾಕ್ಟರ್ ಹತ್ತಿಸಿ ತುಳಿಸಿ, ಕತ್ತಲಾಗುವ ಮೊದಲು ಶೀಟ್ ಮುಚ್ಚಿ ಮಣ್ಣು ಹೇರಿದೆವು.

ತೆರೆದಾಗ ಬಣ್ಣ ಹಳದಿ ಬೆರೆತ ಹಸಿರು, ವಾಸನೆ ಮಾಗಿದ ಹಣ್ಣಿನ ಹುಳಿ. ಅಲಸಂದೆಯ ಎಲೆಯ ನರಗಳು ಕೂಡ ಹಾಗೇ ಉಳಿದಿದ್ದವು. ಹುಳಿ ಅಳೆಯುವ ಪಿಎಚ್ ಕಾಗದ 4.3ರ ಹತ್ತಿರ ತೋರಿಸಿತು, ಅಂದರೆ ಹುಳಿ ಚೆನ್ನಾಗಿ ಬಂದಿತ್ತು. ಪ್ರಯೋಗಾಲಯದಲ್ಲಿ ಒಣತೂಕಕ್ಕೆ ಪ್ರೋಟೀನ್ ಶೇಕಡ 11ರ ಆಸುಪಾಸು ಬಂತು. ಬರಿ ನೇಪಿಯರ್‌ನದು ಹಿಂದೆ ಏಳೂವರೆ ಇತ್ತು. ದಿನಕ್ಕೆ 20 ಕೆಜಿಯಂತೆ ಕೊಟ್ಟು, ಹಸುವೊಂದಕ್ಕೆ ಒಂದು ಕೆಜಿ ಪಶು ಆಹಾರ ಕಡಿಮೆ ಮಾಡಿದರೂ ಹಾಲು ಇಳಿಯಲಿಲ್ಲ. ತಿಂಗಳಿಗೆ ಐದು ಚೀಲ, ಅಂದರೆ ಆರೂವರೆ ಸಾವಿರ ರೂಪಾಯಿಯ ಹತ್ತಿರ ಉಳಿಯಿತು. ಹಾಲಿಗೆ ವಾಸನೆ ಹಿಡಿಯದಂತೆ ಕರೆದ ಮೇಲೆಯೇ ಹಾಕುತ್ತೇನೆ. ಮೊದಲು ಬೇಡವೆಂದವರಲ್ಲಿ ಇಬ್ಬರು ಈಗ ಅಲಸಂದೆ ಬಿತ್ತನೆ ಬೀಜ ಕೇಳಿಕೊಂಡು ಬಂದಿದ್ದಾರೆ.

ಇದೇ ಹೊತ್ತಿನಲ್ಲಿ ಎರಡು ನೀಲಿ ಡ್ರಮ್‌ಗಳಲ್ಲಿ ಬೇರೆ ಪ್ರಯತ್ನ ಮಾಡಿದೆ. ದ್ವಿದಳವೇ ಆದ ಗ್ಲಿರಿಸಿಡಿಯಾ (ಗೊಬ್ಬರದ ಗಿಡ) ಮರದ ಬಾಡಿಸಿದ ಸೊಪ್ಪನ್ನು ನೇಪಿಯರ್‌ಗೆ ಬೆರೆಸಿದ ಡ್ರಮ್ಮಿನ ಮೇವನ್ನು ಹಸುಗಳು ಮೊದಲ ಎರಡು ದಿನ ಮುಟ್ಟಲಿಲ್ಲ, ಆಮೇಲೆ ತಿಂದವು. ಕಾಕಂಬಿಯ ಬದಲು ಕಬ್ಬಿನ ಹಸಿ ಸೋಗೆ ಸೇರಿಸಿದ ಡ್ರಮ್ ವಾಸನೆಯಲ್ಲಿ ಗುಂಡಿಯ ಮೇವಿಗೇನೂ ಕಡಿಮೆಯಿರಲಿಲ್ಲ. ಸೋಗೆ ನಮ್ಮಲ್ಲಿ ಕಡಿತದ ಕಾಲಕ್ಕೆ ಬಿಟ್ಟಿ ಸಿಗುತ್ತದೆ. ಆದ್ದರಿಂದ ಈ ಸಲ ಅರ್ಧ ಗುಂಡಿಯನ್ನು ಕಾಕಂಬಿಯ ಬದಲು ಸೋಗೆ ಬೆರೆಸಿಯೇ ತುಂಬಲು ಅಲಸಂದೆ ಬಿತ್ತನೆಯನ್ನು ಕಬ್ಬಿನ ಕಡಿತಕ್ಕೆ ಹೊಂದಿಸಿಕೊಂಡಿದ್ದೇನೆ.